ಡಬ್ಬಿ ಮೇಲಿನ ಅಂಜೂರ

(1/8)
ಮೊದಲೇ ಹೇಳಿಬಿಡ್ತೀನಿ, ಇದು ಉದ್ದ ಇದೆ. ಎಂಟು ಪೋಸ್ಟ್. ಟೈಮ್ ಇಲ್ಲದವರು ಮುಂದೆ ಸ್ಕ್ರೋಲ್ ಮಾಡಿ, ಬೇಜಾರಿಲ್ಲ. ಓದದೆ ಲೈಕ್ ಮಾತ್ರ ಒತ್ತಬೇಡಿ.

ಒಂದು ತಿಂಗಳಿಂದ ನನ್ನ ಫೀಡ್ ತುಂಬಾ ಪೈಪ್. ಸಿಗರೇಟ್ ಅಲ್ಲ, ಪೈಪ್. ಕಂದು ಬಣ್ಣದ ಮರದ ಬೌಲ್, ಪಕ್ಕದಲ್ಲಿ ಒಂದು ದಪ್ಪ ಪುಸ್ತಕ (ಎಷ್ಟನೇ ಪುಟ ಅಂತ ಕೇಳಬೇಡಿ), ಕಿಟಕಿ ಆಚೆ ಮಳೆ, ಸ್ಲೋ ಮೋಷನ್‌ನಲ್ಲಿ ಹೊಗೆ. ಕೆಳಗೆ ಕ್ಯಾಪ್ಶನ್: ಮೊದಲು ಅಂಜೂರ, ಆಮೇಲೆ ಒಣದ್ರಾಕ್ಷಿ, ಹಳೇ ಚರ್ಮ, ಕ್ಯಾಂಪ್‌ಫೈರ್, ಕೊನೆಗೆ ಡಾರ್ಕ್ ಚಾಕೊಲೇಟ್. ನಾಲಿಗೆ ಕಚ್ಚಲ್ಲವಂತೆ, ತಣ್ಣಗೆ ಉರಿಯುತ್ತಂತೆ, ಬೌಲ್ ತಳ ಮುಟ್ಟೋವರೆಗೂ ಸ್ಮೂತ್ ಅಂತೆ. ಅದರ ಕೆಳಗೆ ನಮ್ಮ ಕ್ಲಾಸಿನವರದೇ ಕಾಮೆಂಟ್‌ಗಳು. ಕ್ಲಾಸಿ ಬ್ರೋ. ಏನ್ ವೈಬ್ ಗುರು. ಎಲ್ಲಿ ಸಿಗತ್ತೆ ಬ್ರೋ.

ಆ ಮೂರನೇ ಕಾಮೆಂಟಿಗೋಸ್ಕರ ಇದನ್ನ ಬರೀತಿದ್ದೀನಿ.

ಪೈಪ್ ತಂಬಾಕಿಗೆ ರುಚಿ ಇಲ್ಲ ಅಂತ ನಾನು ವಾದ ಮಾಡಲ್ಲ. ರುಚಿ ಇದೆ, ವಾಸನೆ ಇದೆ, ಒಂದೊಂದು ಬ್ಲೆಂಡಿಗೂ ಒಂದೊಂದು ಗುಣ ಇದೆ. ನನ್ನ ಜಗಳ ಆ ರುಚಿಯನ್ನ ವರ್ಣಿಸೋ ಭಾಷೆ ಜೊತೆ. ಆ ಭಾಷೆ ಜಾಹೀರಾತು. ನೀವು ಬರೆದಾಗ ನಿಮಗೆ ಯಾರೂ ದುಡ್ಡು ಕೊಡಲ್ಲ, ಅಷ್ಟೇ ವ್ಯತ್ಯಾಸ.

(2/8)
ಫೋಟೊದಲ್ಲಿರೋದು ನಮ್ಮ ಅಡುಗೆಮನೆ ಸಾಂಬಾರ್ ಪುಡಿ ಡಬ್ಬಿ. ಕಾರಣ ಇದೆ.

ಬ್ಲೆಂಡ್ ಅಂದ್ರೆ ಇದೇ. ಧನಿಯಾ ಜಾಸ್ತಿ, ಮೆಂತ್ಯ ಸ್ವಲ್ಪ, ಮೆಣಸಿನಕಾಯಿ ಮನೆಯವರ ಧೈರ್ಯಕ್ಕೆ ತಕ್ಕಷ್ಟು. ಪೈಪ್ ತಂಬಾಕಿನಲ್ಲಿ ಧನಿಯಾ ಜಾಗದಲ್ಲಿ ವರ್ಜಿನಿಯಾ ಇಲ್ಲಾ ಬರ್ಲಿ ಇರುತ್ತೆ. ವರ್ಜಿನಿಯಾ ಸಿಹಿ. ಹುಲ್ಲಿನ ವಾಸನೆ, ಕೆಲವೊಮ್ಮೆ ಸಿಟ್ರಸ್ ತರಹದ ಹುಳಿ, ಹಳೆಯದಾದಷ್ಟೂ ಒಣಹಣ್ಣಿನ ಕಡೆ ವಾಲತ್ತೆ. ಬರ್ಲಿಯನ್ನ ಕೊಟ್ಟಿಗೆ ತರಹದ ಶೆಡ್‌ನಲ್ಲಿ ವಾರಗಟ್ಟಲೆ ಬರೀ ಗಾಳಿಗೆ ಒಣಗಿಸ್ತಾರೆ. ಆ ವಾರಗಳಲ್ಲಿ ಎಲೆ ತನ್ನೊಳಗಿನ ಸಕ್ಕರೆಯನ್ನ ತಾನೇ ಖರ್ಚು ಮಾಡಿಕೊಳ್ಳುತ್ತೆ. ಉಳಿಯೋದು ಕಡಲೆಬೀಜದ ಸಿಪ್ಪೆ ಹುರಿದ ಹಾಗಿನ ಒಂದು ಒಣ ರುಚಿ, ಮತ್ತೆ ಸ್ಪಂಜಿನ ಹಾಗೆ ಯಾವ ರಸ ಹಾಕಿದರೂ ಹೀರಿಕೊಳ್ಳೋ ಗುಣ. ಈ ಹೀರಿಕೊಳ್ಳೋ ಗುಣ ನೆನಪಿಟ್ಕೊಳ್ಳಿ, ಆರನೇ ಪೋಸ್ಟಲ್ಲಿ ಬೇಕಾಗತ್ತೆ.

ಓರಿಯಂಟಲ್ ಅಂದ್ರೆ ಟರ್ಕಿ, ಗ್ರೀಸ್ ಕಡೆಯ ಸಣ್ಣೆಲೆ ತಂಬಾಕು, ಬಿಸಿಲಲ್ಲಿ ಒಣಗಿಸಿದ್ದು, ಒಂಥರಾ ಹುಳಿ ಮತ್ತೆ ಮಸಾಲೆ. ಪೆರೀಕ್ ಅಮೆರಿಕದ ಲೂಯಿಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್ ಅನ್ನೋ ಒಂದು ಸಣ್ಣ ಜಾಗದ ವಿಶೇಷ. ಎಲೆಯನ್ನ ಮರದ ಪೀಪಾಯಿಯಲ್ಲಿ ಒತ್ತಿ, ಜ್ಯಾಕ್ ಹಾಕಿ ಬಿಗಿದು, ಅದರದೇ ರಸದಲ್ಲಿ ಹತ್ತಿರ ಹತ್ತಿರ ವರ್ಷ ಹುದುಗಿಸ್ತಾರೆ. ನಮ್ಮ ಉಪ್ಪಿನಕಾಯಿ ಜಾಡಿಯ ದೂರದ ನೆಂಟ ಅಂದ್ಕೊಳ್ಳಿ. ವಿನೆಗರ್, ಕೊಳೆತ ಹಣ್ಣಿನ ಮಧ್ಯದ ಒಂದು ವಾಸನೆ. ಅಂಜೂರ ಅಂತ ಕ್ಯಾಪ್ಶನ್‌ನಲ್ಲಿ ಬರೆದವರ ಡಬ್ಬಿಯಲ್ಲಿ ಬಹುಶಃ ಇದು ಇದ್ದಿರುತ್ತೆ. ವರ್ಜಿನಿಯಾ ಜೊತೆ ಸ್ವಲ್ಪ ಬೆರೆಸಿದ್ರೆ ಸಾಕು.

ಲಟಾಕಿಯಾ ಅಂದ್ರೆ ಇಂಗು. ಚಿಟಿಕೆ ಹಾಕಿದ್ರೆ ಇಡೀ ಪಾತ್ರೆ ಘಮ್ ಅನ್ನುತ್ತೆ, ಜಾಸ್ತಿ ಆದ್ರೆ ಬೇರೆ ಯಾವುದೂ ಗೊತ್ತಾಗಲ್ಲ. ವರ್ಜಿನಿಯಾ, ಓರಿಯಂಟಲ್, ಲಟಾಕಿಯಾ ಮೂರೂ ಸೇರಿದ್ರೆ ಅದಕ್ಕೆ "ಇಂಗ್ಲಿಷ್ ಮಿಕ್ಸ್ಚರ್" ಅಂತ ಹೆಸರು. ಮೂರೂ ಹುಟ್ಟಿದ್ದು ಇಂಗ್ಲೆಂಡ್ ಆಚೆ. ಹೆಸರು ಮಾತ್ರ ಅಲ್ಲಿನದು.

(3/8)
ಕ್ಯಾಂಪ್‌ಫೈರ್ ವಿಷಯಕ್ಕೆ ಬರೋಣ.

ಲಟಾಕಿಯಾ ಸಿರಿಯಾದ ಒಂದು ಬಂದರು ಊರು. ಎಲೆಯನ್ನ ಮೊದಲು ಬಿಸಿಲಲ್ಲಿ ಒಣಗಿಸಿ, ಆಮೇಲೆ ಮುಚ್ಚಿದ ಶೆಡ್ಡಿನೊಳಗೆ ತೂಗುಹಾಕಿ, ಕೆಳಗೆ ಸೌದೆ, ಪರಿಮಳದ ಪೊದೆಗಿಡಗಳನ್ನ ಕಮರಿಸಿ ಹೊಗೆ ಕೊಡ್ತಾರೆ. ವಾರಗಟ್ಟಲೆ. ಎಲೆ ಕಪ್ಪಾಗುತ್ತೆ. ಅಂದ್ರೆ ನೀವು ಬೌಲ್‌ಗೆ ಬೆಂಕಿ ಹಚ್ಚೋ ಮೊದಲೇ ಆ ಎಲೆ ಒಂದು ಕಾಡಿನ ಹೊಗೆ ಕುಡಿದಾಗಿದೆ. ಕ್ಯಾಂಪ್‌ಫೈರ್ "ನೋಟ್" ಅಂತ ನೀವು ಬರೆದಿರೋದು ಉಪಮೆ ಅಲ್ಲ ಮಾರಾಯ್ರೇ. ಅದು ನಿಜವಾದ ಸೌದೆ ಹೊಗೆಯ ಫೀನಾಲ್‌ಗಳು, ಟಾರು, ಎಲೆ ಮೇಲೆ ಕೂತಿರೋದು. ಅದನ್ನ ಇನ್ನೊಂದು ಸಲ ಸುಟ್ಟು ಬಾಯಿಗೆ ತಗೋತಿದ್ದೀರಿ.

ಈಗ ಸಿರಿಯಾದ ಲಟಾಕಿಯಾ ಮಾರುಕಟ್ಟೆಗೆ ಬರೋದು ನಿಂತಿದೆ. ಅಲ್ಲಿನ ಕಾಡು ಕರಗಿತು, ಸೌದೆ ಕಡಿಯೋಕೆ ತಡೆ ಬಿತ್ತು ಅಂತ ಪೈಪ್ ಪ್ರಿಯರೇ ಕಾರಣ ಹೇಳ್ತಾರೆ. ಡಬ್ಬಿಗಳಲ್ಲಿ ಬರೋದು ಸೈಪ್ರಸ್ ಹೆಸರಿನದು. ಹಳೇ ಸಿರಿಯನ್ ದಾಸ್ತಾನು ಸಿಕ್ಕವರು ಅದರ ಬಗ್ಗೆ ಬರೆಯೋದನ್ನ ಓದಬೇಕು ನೀವು. ಕಳೆದುಹೋದ ಪ್ರೀತಿಯ ಬಗ್ಗೆ ಬರೆದ ಹಾಗೆ ಇರುತ್ತೆ. ಕಾಡು ಕಳೆದುಹೋದ ಬಗ್ಗೆ ಒಂದು ಸಾಲು, ರುಚಿ ಕಳೆದುಹೋದ ಬಗ್ಗೆ ಮೂರು ಪ್ಯಾರಾ.

ನನ್ನ ತಕರಾರು ಪೂರ್ತಿ ಇಲ್ಲೇ ಇದೆ. ರುಚಿ ಅನ್ನೋದು ತಯಾರಿಕೆಯಿಂದ ಬರುತ್ತೆ. ಒಂದು ಎಲೆಗೆ ಯಾರೋ, ಎಲ್ಲೋ, ಏನೋ ಮಾಡಿದ್ದರಿಂದ ಬರುತ್ತೆ. ಕ್ಯಾಪ್ಶನ್ ಅದನ್ನ ಅಳಿಸಿ ಅಲ್ಲಿ ಒಂದು ಹಣ್ಣಿನ ಹೆಸರು ಇಡುತ್ತೆ. ಅಂಜೂರ ಅಂದ ತಕ್ಷಣ ನಮಗೆ ತೋಟ ಕಾಣುತ್ತೆ, ಪೀಪಾಯಿ ಕಾಣಲ್ಲ. ಕ್ಯಾಂಪ್‌ಫೈರ್ ಅಂದ ತಕ್ಷಣ ಗಿಟಾರ್ ಕೇಳುತ್ತೆ, ಕೊಡಲಿ ಕೇಳಲ್ಲ.

(4/8)
ವರ್ಜಿನಿಯಾದ ಸಿಹಿ ಎಲ್ಲಿಂದ ಬಂತು? ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

1839, ಅಮೆರಿಕದ ನಾರ್ತ್ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿ. ಅಬೈಷಾ ಸ್ಲೇಡ್ ಅನ್ನೋ ಜಮೀನುದಾರನ ಹತ್ತಿರ ಸ್ಟೀಫನ್ ಅನ್ನೋ ಗುಲಾಮ ಇದ್ದ. ತಂಬಾಕು ಒಣಗಿಸೋ ಮನೆಯಲ್ಲಿ ರಾತ್ರಿ ಬೆಂಕಿ ಕಾಯೋದು ಅವನ ಕೆಲಸ. ಒಂದು ರಾತ್ರಿ ನಿದ್ದೆ ಬಂತಂತೆ, ಎದ್ದಾಗ ಬೆಂಕಿ ಆರೋಕೆ ಬಂದಿತ್ತಂತೆ. ಗಾಬರಿಯಲ್ಲಿ ಇದ್ದಿಲು ತಂದು ಸುರಿದ. ಸಟ್ಟನೆ ಏರಿದ ಕಾವಿಗೆ ಎಲೆ ಚಿನ್ನದ ಹಳದಿಗೆ ತಿರುಗಿತು. ಕಥೆ ಹೀಗೆ ನಡೆದುಬಂದಿದೆ. ಆ ಹಳದಿ ಎಲೆಗೆ ಒಳ್ಳೆ ರೇಟು ಸಿಕ್ಕಿತು. ಆಮೇಲೆ ಅದೇ ವಿಧಾನ ಸುಧಾರಿಸಿ, ಹೊಗೆ ಎಲೆಗೆ ತಾಗದ ಹಾಗೆ ತಗಡಿನ ಕೊಳವೆ ಒಳಗೆ ಬಿಸಿ ಹಾಯಿಸೋದು ಬಂತು. ಅದೇ ಫ್ಲೂ ಕ್ಯೂರಿಂಗ್.

ಈ ಕಾವಿನಲ್ಲಿ ಏನಾಗುತ್ತೆ ಅಂದ್ರೆ, ಮೊದಲೆರಡು ದಿನ ಮೆಲ್ಲಗಿನ ಬಿಸಿಯಲ್ಲಿ ಎಲೆ ಇನ್ನೂ ಜೀವಂತ. ಅದರೊಳಗಿನ ಗಂಜಿ ಒಡೆದು ಸಕ್ಕರೆ ಆಗುತ್ತೆ. ಎಲೆ ಆ ಸಕ್ಕರೆ ತಿಂದು ಮುಗಿಸೋ ಮೊದಲು ಬಿಸಿ ಏರಿಸಿ ಕೊಂದುಬಿಡಬೇಕು. ಬರ್ಲಿಗೆ ಸಿಗೋ ವಾರಗಳು ಇದಕ್ಕೆ ಸಿಗಲ್ಲ. ಹಾಗೆ ಸಿಹಿ ಒಳಗೇ ಉಳಿಯುತ್ತೆ. ಕೊನೆಗೆ ನಡುದಂಟು ಒಣಗೋಕೆ 70 ಡಿಗ್ರಿ ಆಸುಪಾಸು. ಒಟ್ಟು ಐದಾರು ದಿನ, ಹಗಲೂ ರಾತ್ರಿ.

ಇದರ ಇನ್ನೊಂದು ಫಲ ಇನ್ನೂ ದೊಡ್ಡದು. ಸಕ್ಕರೆ ಇರೋ ಎಲೆಯ ಹೊಗೆ ಆಮ್ಲೀಯ, ಗಂಟಲಿಗೆ ಅಷ್ಟು ಕೆರೆಯಲ್ಲ, ಎದೆಯೊಳಗೆ ಎಳೆದುಕೊಳ್ಳಬಹುದು. ಸಿಗರೇಟ್ ಲೋಕ ಗೆದ್ದಿದ್ದೇ ಈ "ಸ್ಮೂತ್" ಇಂದ. ತಂಬಾಕಿನ ಇತಿಹಾಸ ಬರೆದ ರಾಬರ್ಟ್ ಪ್ರಾಕ್ಟರ್ ಇದನ್ನ ಕೈಗಾರಿಕೆಯ ಅತಿ ಮಾರಕ ಆವಿಷ್ಕಾರಗಳ ಸಾಲಿಗೆ ಸೇರಿಸ್ತಾರೆ. ಕ್ಯಾಪ್ಶನ್‌ನಲ್ಲಿ ಸ್ಮೂತ್ ಅಂತ ಬರೆಯೋ ಮುಂಚೆ ಆ ಪದದ ಜಾತಕ ಒಂದು ಸಲ ನೋಡಿ.

ಮತ್ತೆ ಸ್ಟೀಫನ್. ಡಬ್ಬಿಗಳ ಮೇಲೆ ಅಂಗಡಿ ಮಾಲೀಕರ ಹೆಸರಿದೆ, ಕ್ಯಾಪ್ಟನ್‌ಗಳು ಇದ್ದಾರೆ, ಹಡಗುಗಳಿವೆ. ಸ್ಟೀಫನ್‌ಗೆ ಇತಿಹಾಸದಲ್ಲಿ ಉಳಿದಿರೋದು ಒಂದೇ ಹೆಸರು, ಅದೂ ಸ್ಲೇಡ್ ಹೆಸರಿನ ಪಕ್ಕದಲ್ಲಿ.

(5/8)
ಈ ಫೋಟೊ ನಮ್ಮ ಬ್ಯಾರನ್‌ದು. ಪಿರಿಯಾಪಟ್ಟಣ ತಾಲ್ಲೂಕು. ಹೌದು, ನಾನು ತಂಬಾಕು ಬೆಳೆಯೋರ ಮನೆಯವನು. ಗೊತ್ತಿರೋರಿಗೆ ಗೊತ್ತು, ಗೊತ್ತಿಲ್ಲದವರು ಈಗ ತಿಳ್ಕೊಳ್ಳಿ. ನನ್ನ ಹಾಸ್ಟೆಲ್ ಫೀಸ್ ಹರಾಜು ಮಾರುಕಟ್ಟೆಯಿಂದ ಬಂದಿರೋದು. "ಅದೇ ದುಡ್ಡಲ್ಲಿ ಓದಿ ಅದಕ್ಕೇ ಬೈತೀಯಲ್ಲ" ಅಂತ ಕಾಮೆಂಟ್ ಟೈಪ್ ಮಾಡ್ತಿರೋರು ಇನ್ನೊಂದು ನಿಮಿಷ ತಡೀರಿ.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಆ ಕಡೆ ರಾಮನಾಥಪುರ. ಇಷ್ಟೂ ಕಡೆ ಬೆಳೆಯೋದು ವರ್ಜಿನಿಯಾ. ತಂಬಾಕು ಮಂಡಳಿ ಲೈಸೆನ್ಸ್ ಕೊಡುತ್ತೆ, ಹರಾಜು ನಡೆಸುತ್ತೆ. ಮಂಡಳಿ ಶುರುವಾಗಿದ್ದು 1976ರಲ್ಲಿ, ಹರಾಜು ಬಂದಿದ್ದು 1984ರಲ್ಲಿ. ಸ್ಟೀಫನ್ ಕಥೆಯ ಅದೇ ಕಾವು, ಅದೇ ರಾತ್ರಿ ಕಾವಲು. ನಮ್ಮ ಕಡೆ ಅದಕ್ಕೆ ಕ್ಯೂರಿಂಗ್ ಅಂತ ಯಾರೂ ಹೇಳಲ್ಲ, ಸೊಪ್ಪು ಬೇಯಿಸೋದು ಅಂತಾರೆ. ಬ್ಯಾರನ್‌ಗೆ ಬೆಂಕಿ ಹಾಕೋ ಅಣ್ಣ ರಾತ್ರಿ ಗಂಟೆಗೊಂದು ಸಲ ಎದ್ದು ಥರ್ಮಾಮೀಟರ್ ನೋಡ್ತಾರೆ. ಕಾವು ಒಂಚೂರು ಮೊದಲೇ ಏರಿದ್ರೆ ಸೊಪ್ಪು ಹಸಿರು ನಿಲ್ಲುತ್ತೆ, ತಡವಾದ್ರೆ ಕಪ್ಪು ತಿರುಗುತ್ತೆ, ಎರಡರಲ್ಲೂ ದರ್ಜೆ ಬೀಳುತ್ತೆ. ಒಂದು ಕೆಜಿ ಬೆಂದ ಸೊಪ್ಪಿಗೆ ಅದರ ಹಲವು ಪಟ್ಟು ತೂಕದ ಸೌದೆ ಹೋಗುತ್ತೆ. ನಮ್ಮ ತಾಲ್ಲೂಕಿನ ಮರಗಳನ್ನ ಕೇಳಿ, ಲೆಕ್ಕ ಹೇಳ್ತವೆ. ಉಳಿದಿದ್ರೆ.

ವಾಸನೆ? ಹೇಳ್ತೀನಿ, ಚೆನ್ನಾಗಿರುತ್ತೆ. ಎರಡನೇ ದಿನ ಸೊಪ್ಪು ಹಳದಿಗೆ ತಿರುಗುವಾಗ ಬಾಗಿಲ ಸಂದಿಯಿಂದ ಒಣಹುಲ್ಲು ಮತ್ತೆ ಬೆಲ್ಲದ ಪಾಕದ ನಡುವಿನ ಒಂದು ವಾಸನೆ ಬರುತ್ತೆ. ಪೈಪ್‌ನವರು ಹೇಳೋ ವರ್ಜಿನಿಯಾ ಪರಿಮಳ ಸುಳ್ಳಲ್ಲ ಅಂತ ನಾನು ಒಪ್ಪೋದು ಅದಕ್ಕೇ. ನನ್ನ ಮೂಗಿಗೇ ಗೊತ್ತು. ಆದ್ರೆ ಅದಕ್ಕೂ ಮುಂಚೆ ಇನ್ನೊಂದು ವಾಸನೆ ಇದೆ. ಜುಲೈ ಮಳೆಯಲ್ಲಿ ಒದ್ದೆ ಸೊಪ್ಪು ಮುರಿದು, ಕಂಕುಳಲ್ಲಿ ಹೊತ್ತು ತರೋ ಹೆಂಗಸರ ಕೈಗೆ ಅಂಟೋ ಕಪ್ಪು ಜಿಗುಟು. ಸೋಪಿಗೆ ಹೋಗಲ್ಲ. ಊಟ ಮಾಡಿದ್ರೆ ಮುದ್ದೆಯೂ ಕಹಿ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುತ್ತೆ: ತಲೆಸುತ್ತು, ವಾಂತಿ, ಕೈಕಾಲು ನಡುಕ. ವೈದ್ಯರು ಇದಕ್ಕೆ ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಅಂತಾರೆ. ನಮ್ಮವ್ವ ಅದಕ್ಕೆ ಯಾವ ಹೆಸರೂ ಇಟ್ಟಿಲ್ಲ, ನಿಂಬೆಹಣ್ಣು ಹಿಂಡಿದ ನೀರು ಕುಡಿದು ಮತ್ತೆ ಹೊಲಕ್ಕೆ ಹೋಗ್ತಾರೆ. ಒಂದೂ ಸಿಗರೇಟ್ ಸೇದದೆ ಇಷ್ಟು ನಿಕೋಟಿನ್ ತಗೊಂಡ ಅವ್ವನ "ಟೇಸ್ಟಿಂಗ್ ನೋಟ್ಸ್" ಯಾವ ಡಬ್ಬಿ ಮೇಲೂ ಇಲ್ಲ.

ಪೈಪ್ ಡಬ್ಬಿಯೊಳಗೆ ಇರೋದು ನಮ್ಮೂರ ಸೊಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮದು ಹೆಚ್ಚಾಗಿ ಸಿಗರೇಟಿಗೆ ಹೋಗುತ್ತೆ. ವ್ಯಾಪಾರದ ಭಾಷೆಯಲ್ಲಿ ಅದನ್ನ "ನ್ಯೂಟ್ರಲ್ ಫಿಲ್ಲರ್" ಗುಂಪಿಗೆ ಸೇರಿಸ್ತಾರೆ. ತನ್ನದೇ ಅಂತ ಜೋರು ರುಚಿ ಇಲ್ಲದ, ಜಾಗ ತುಂಬೋ ಸೊಪ್ಪು. ಅವರಿಗೆ ಅಂಜೂರ, ನಮಗೆ ಫಿಲ್ಲರ್. ಬೆಂಕಿ ಮಾತ್ರ ಒಂದೇ.

ಇನ್ನು ಆ ಕಾಮೆಂಟಿಗೆ ಉತ್ತರ: ಈ ಬೆಳೆ ಬಿಡಬೇಕು ಅನ್ನೋದು ನಮ್ಮ ಮನೆ ಊಟದ ಹೊತ್ತಿನ ಮಾತು. ಬಿಟ್ಟು ಏನು ಹಾಕೋದು, ಬ್ಯಾರನ್ ಸಾಲ ಯಾರು ತೀರಿಸೋದು ಅಂತ ಅಪ್ಪ ಕೇಳ್ತಾರೆ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದ್ರೆ ರೀಲ್‌ನಲ್ಲಿ ಪೈಪ್ ಹಿಡಿಯೋದು ನಿಮ್ಮ ಯಾರ ಮನೆ ಸಾಲವನ್ನೂ ತೀರಿಸಲ್ಲ. ನಮ್ಮಿಬ್ಬರ ಕಷ್ಟ ಒಂದೇ ಅಲ್ಲ.

(6/8)
ಈಗ ಅಸಲಿ ಕಿತಾಪತಿ: ವೆನಿಲಾ, ಚೆರ್ರಿ, ರಮ್, ಚಾಕೊಲೇಟ್.

ಇವನ್ನ ಆರೊಮ್ಯಾಟಿಕ್ ಬ್ಲೆಂಡ್ ಅಂತಾರೆ. ಹೊಸಬರು ಶುರು ಮಾಡೋದು ಇದರಿಂದಲೇ. ಬರ್ಲಿ ಅಥವಾ ಹಬೆಯಲ್ಲಿ ಬೇಯಿಸಿ ಒತ್ತಿದ ಕ್ಯಾವೆಂಡಿಷ್‌ಗೆ ಮೊದಲು ಸಕ್ಕರೆ ಪಾಕ, ಜ್ಯೇಷ್ಠಮಧು, ಕೋಕೊ ಥರದ್ದು ಕುಡಿಸ್ತಾರೆ. ಅದು ಕೇಸಿಂಗ್. ಕೊನೆಗೆ ಮೇಲಿಂದ ಸುವಾಸನೆ ಸಿಂಪಡಿಸ್ತಾರೆ. ಅದು ಟಾಪಿಂಗ್. ಒಣಗಬಾರದು ಅಂತ ಎಷ್ಟೋ ಬ್ಲೆಂಡ್‌ಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಸೇರಿಸ್ತಾರೆ. ಡಬ್ಬಿ ತೆಗೆದ್ರೆ ಬೇಕರಿ. ಬೆಂಕಿ ಹಚ್ಚಿದ್ರೆ ಬೇರೆ ಕಥೆ. ಒದ್ದೆ ತಂಬಾಕು ಉರಿಯಲ್ಲ, ಮತ್ತೆ ಮತ್ತೆ ಕಡ್ಡಿ ಗೀರಬೇಕು, ಜೋರಾಗಿ ಎಳೀಬೇಕು, ಎಳೆದಷ್ಟೂ ಬಿಸಿ ಹಬೆ, ಕಾಂಡದಲ್ಲಿ ಗೊಳಗೊಳ ನೀರು, ನಾಲಿಗೆ ಸುಟ್ಟ ಹಾಗೆ. ಅದಕ್ಕೇ "ಟಂಗ್ ಬೈಟ್" ಅನ್ನೋದು. ಹಳೇ ಪೈಪ್‌ನವರೇ ಆರೊಮ್ಯಾಟಿಕ್ ಕಂಡ್ರೆ ಮೂಗು ಮುರೀತಾರೆ, ಈ ಒಂದು ವಿಷಯದಲ್ಲಿ ನಾನು ಅವರ ಪಕ್ಷ. ತಂಬಾಕಿನ ಘಾಟು ಘಾಟಾಗಿಯೇ ಇರಲಿ. ಕೇಕಿನ ವೇಷ ಹಾಕ್ಕೊಂಡು ಬರೋದು ಬೇಡ.

ಹಾಗಾದ್ರೆ ಆ ವೆನಿಲಾ ಯಾರಿಗೆ? ಸೇದೋನಿಗೆ ಡಬ್ಬಿಯಲ್ಲಿ ಇದ್ದಷ್ಟು ಸಿಗಲ್ಲ ಅಂತ ಅವರೇ ಗೋಳಾಡ್ತಾರೆ. ಸಿಗೋದು ಪಕ್ಕದಲ್ಲಿ ಕೂತವರಿಗೆ. ಅದಕ್ಕೊಂದು ಪದವೇ ಇದೆ, "ರೂಮ್ ನೋಟ್". ಕೋಣೆಯಲ್ಲಿ ಉಳಿಯೋ ವಾಸನೆಗೆ ಅಂಕ ಕೊಡ್ತಾರೆ: ಹಿತ, ಸಹಿಸಬಹುದು, ಜೋರು. ಒಂದು ನಿಮಿಷ ಯೋಚನೆ ಮಾಡಿ. ಬೇರೆಯವರ ಎದೆಗೆ ಹೋಗೋ ಹೊಗೆಗೆ ಅವರಿಂದಲೇ ಶಹಬ್ಬಾಸ್ ಹೇಳಿಸ್ಕೊಳ್ಳೋ ವ್ಯವಸ್ಥೆ ಇದು. ರೂಮ್‌ಮೇಟ್ "ಆಹಾ, ಚೆನ್ನಾಗಿದೆ ಮಗಾ ಸ್ಮೆಲ್ಲು" ಅಂದ ದಿನ ಬಾಗಿಲು ತೆಗಿ ಅನ್ನೋ ಹಕ್ಕನ್ನೂ ಬಿಟ್ಟುಕೊಟ್ಟ ಹಾಗೆ.

ಅಮೆರಿಕದಲ್ಲಿ 2009ರ ಕಾನೂನು ಸಿಗರೇಟಿಗೆ ಹಣ್ಣು, ವೆನಿಲಾ, ಚಾಕೊಲೇಟ್ ಸ್ವಾದ ಹಾಕೋದನ್ನ ನಿಷೇಧಿಸಿತು, ಚಿಕ್ಕ ವಯಸ್ಸಿನವರನ್ನ ಸೆಳೆಯುತ್ತೆ ಅಂತ. ಮೆಂಥಾಲ್ ಒಂದನ್ನ ಬಿಟ್ಟರು. ಪೈಪ್ ತಂಬಾಕು ಆ ನಿಷೇಧದ ಆಚೆ ಉಳೀತು. ಅದೇ ವರ್ಷ ತೆರಿಗೆಯೂ ಬದಲಾಯಿತು. ಕೈಯಲ್ಲಿ ಸಿಗರೇಟ್ ಸುತ್ತಿಕೊಳ್ಳೋ ಬಿಡಿ ತಂಬಾಕಿಗೆ ಪೌಂಡಿಗೆ 24.78 ಡಾಲರ್, ಪೈಪ್ ತಂಬಾಕಿಗೆ 2.83. ಏನಾಯ್ತು ಹೇಳಿ? ಸುತ್ತೋ ತಂಬಾಕಿನ ಪೊಟ್ಟಣಗಳ ಮೇಲೆ "ಪೈಪ್ ತಂಬಾಕು" ಅಂತ ಲೇಬಲ್ ಬಂತು. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯ ವರದಿ ಪ್ರಕಾರ 2009ರ ಜನವರಿಯಲ್ಲಿ ತಿಂಗಳಿಗೆ ಸುಮಾರು 2.4 ಲಕ್ಷ ಪೌಂಡ್ ಇದ್ದ ಪೈಪ್ ತಂಬಾಕಿನ ಮಾರಾಟ 2011ರ ಸೆಪ್ಟೆಂಬರ್ ಹೊತ್ತಿಗೆ 30 ಲಕ್ಷ ದಾಟಿತ್ತು. ಎರಡೂವರೆ ವರ್ಷದಲ್ಲಿ ಅಮೆರಿಕನ್ನರೆಲ್ಲ ಆರಾಮಕುರ್ಚಿ ತಗೊಂಡು ಪುಸ್ತಕ ಓದೋಕೆ ಕೂತರು ಅಂತ ನಂಬೋರು ನಂಬಿ.

(7/8)
"ಪೈಪ್ ಹೊಗೆ ಒಳಗೆ ಎಳ್ಕೊಳ್ಳಲ್ಲ, ಬರೀ ಬಾಯಲ್ಲಿ ರುಚಿ ನೋಡಿ ಬಿಡೋದು." ಇದನ್ನ ಕನಿಷ್ಠ ಐದು ಜನ ನನಗೆ ಹೇಳಿದ್ದಾರೆ.

ಬಾಯಿ ಅನ್ನೋದು ಮೈಯ ಆಚೆ ಇರೋ ಡಸ್ಟ್‌ಬಿನ್ ಅಲ್ಲ. ಬರ್ಲಿ ಥರ ಸಕ್ಕರೆ ಕಮ್ಮಿ ಇರೋ ಎಲೆಯ ಹೊಗೆ ಕ್ಷಾರೀಯ, ಅದರ ನಿಕೋಟಿನ್ ಕೆನ್ನೆಯ ಒಳಚರ್ಮದಿಂದಲೇ ರಕ್ತಕ್ಕೆ ಹೋಗುತ್ತೆ. ಅಭ್ಯಾಸ ಇಲ್ಲದವನು ಜೋರು ಬ್ಲೆಂಡ್ ಸೇದಿ ತಲೆ ತಿರುಗಿ ಬೆವರೋದು ಇದಕ್ಕೇ, ಹೊಗೆ ಎದೆಗೆ ಹೋಗಿರಲೇಬೇಕು ಅಂತಿಲ್ಲ. ಪೈಪಿಗೂ ತುಟಿಯ ಕ್ಯಾನ್ಸರ್‌ಗೂ ಕಾರಣದ ನಂಟು ಇದೆ ಅಂತ ಅಮೆರಿಕದ ಸರ್ಜನ್ ಜನರಲ್ ವರದಿ 1964ರಲ್ಲೇ ಹೇಳಿತ್ತು. ಬಾಯಿ, ಗಂಟಲು, ಶ್ವಾಸಕೋಶದ ಸಾಕ್ಷ್ಯ ಆಮೇಲೆ ಸೇರ್ತಾ ಹೋಯ್ತು. ಬಾಯಿಯ ಕ್ಯಾನ್ಸರ್ ಬಗ್ಗೆ ನಮ್ಮ ದೇಶದಲ್ಲಿ ಯಾರಿಗೂ ಪಾಠ ಮಾಡಬೇಕಿಲ್ಲ. ಹೊಗೆಸೊಪ್ಪು ಹಾಕ್ಕೊಳ್ಳೋ ಅಜ್ಜಿಗೆ "ಬಿಡಜ್ಜಿ, ಒಳ್ಳೇದಲ್ಲ" ಅನ್ನೋ ಹುಡುಗರೇ ಪೈಪ್ ಹಿಡಿದಾಗ ಫಿಲಾಸಫಿ ಮಾತಾಡ್ತಾರೆ. ಅಜ್ಜಿಯೂ ನುಂಗಲ್ಲ ಕಣಪ್ಪ, ಉಗೀತಾಳೆ.

"ತಣ್ಣಗೆ ಉರಿಯುತ್ತೆ" ಬಗ್ಗೆ ಚಿಕ್ಕದಾಗಿ: ನಿಧಾನ ಎಳೆದ್ರೆ, ಎಲೆ ಹದವಾಗಿ ಒಣಗಿದ್ರೆ ಬಾಯಿಗೆ ಬರೋ ಹೊಗೆಯ ಬಿಸಿ ಕಮ್ಮಿ, ಸರಿ. ಬೌಲ್ ಒಳಗಿನ ಕೆಂಡ ನೂರಾರು ಡಿಗ್ರಿಯಲ್ಲೇ ಇರುತ್ತೆ. ತಣ್ಣಗಿನ ಬೆಂಕಿ ಅಂತ ಒಂದಿಲ್ಲ.

(8/8)
ಡಿಎಂನಲ್ಲಿ ಬಂದ ಮಾತುಗಳಿಗೆ ಇಲ್ಲೇ ಉತ್ತರ ಕೊಟ್ಟುಬಿಡ್ತೀನಿ.

"ಅವರವರ ಇಷ್ಟ, ನೀನ್ಯಾರು ಕೇಳೋಕೆ." ಸೇದೋದು ನಿಮ್ಮಿಷ್ಟ. ಸಾವಿರಾರು ಫಾಲೋವರ್ಸ್ ಮುಂದೆ ಅದಕ್ಕೆ ಅಂಜೂರ ಅಂತ ಹೆಸರಿಡೋದು ಬರೀ ನಿಮ್ಮ ವಿಷಯ ಅಲ್ಲ. ತಂಬಾಕು ಜಾಹೀರಾತನ್ನ ನಮ್ಮ ದೇಶದಲ್ಲಿ 2003ರ ಕೋಟ್ಪಾ ಕಾಯ್ದೆ ನಿಷೇಧಿಸಿದೆ. ಪ್ಯಾಕ್ ಮೇಲೆ 85 ಪರ್ಸೆಂಟ್ ಜಾಗ ಎಚ್ಚರಿಕೆ ಚಿತ್ರಕ್ಕೆ ಅಂತ 2016ರಿಂದ ನಿಯಮ. ಕಂಪನಿ ಬರೆಯೋಕಾಗದ ಸಾಲನ್ನ ನೀವು ಬರೀತಿದ್ದೀರಿ, ಕಂಪನಿ ಮುಚ್ಚೋಕಾಗದ ಚಿತ್ರವನ್ನ ನೀವು ಕ್ರಾಪ್ ಮಾಡ್ತಿದ್ದೀರಿ. ಅದೂ ಪುಕ್ಕಟೆ!

"ಎಲ್ಲಿ ಸಿಗತ್ತೆ ಬ್ರೋ." ಕರ್ನಾಟಕದ ತಿದ್ದುಪಡಿ ಕಾಯ್ದೆ ಪ್ರಕಾರ ಈಗ 21 ಆಗದವರಿಗೆ ತಂಬಾಕು ಮಾರೋ ಹಾಗಿಲ್ಲ. ಕೇಳಿದವನ ಬರ್ತ್‌ಡೇಗೆ ಹೋದ ತಿಂಗಳು ನಾವೇ ಕೇಕ್ ತಂದಿದ್ವಿ, ಅದರ ಮೇಲಿದ್ದ ಕ್ಯಾಂಡಲ್ 19.

"ನಿನಗೆ ರುಚಿ ಗೊತ್ತಿಲ್ಲ, ಸೇದದೆ ಮಾತಾಡ್ತೀಯ." ಸೇದಿಲ್ಲ, ಸೇದೋದೂ ಇಲ್ಲ. ಆದ್ರೆ ಸೊಪ್ಪು ಮುಟ್ಟಿ, ಮೂಸಿ, ಹಳದಿ ತಿರುಗಿದ್ದನ್ನ ಕಣ್ಣಲ್ಲೇ ಅಳೆದು ಬೆಳೆದಿದ್ದೀನಿ. ವಾಸನೆಗೆ ಕನ್ನಡದಲ್ಲಿ ನಿಮಗಿಂತ ಜಾಸ್ತಿ ಪದ ನನ್ನ ಹತ್ತಿರ ಇದೆ: ಘಾಟು, ಕಮಟು, ಒಗರು, ಕನರು, ಸೀದದ್ದು. ಬೇಕಾದ್ರೆ ಉಪಯೋಗಿಸ್ಕೊಳ್ಳಿ. ನಿಮ್ಮ ಮುಂದಿನ ಕ್ಯಾಪ್ಶನ್‌ನಲ್ಲಿ ಅಂಜೂರದ ಪಕ್ಕ ಜಿಗುಟು ಅಂತ ಒಂದು ಪದ ಇರಲಿ, ಕ್ಯಾಂಪ್‌ಫೈರ್ ಪಕ್ಕ ಸೌದೆ ಅಂತ ಇರಲಿ. ಆಮೇಲೂ ಅಷ್ಟೇ ಲೈಕ್ ಬರುತ್ತಾ ನೋಡೋಣ.

"ಬಿಡೋಕೆ ನೋಡ್ತಿದ್ದೀನಿ, ಆಗ್ತಿಲ್ಲ" ಅಂತ ಇಬ್ಬರು ಬರೆದಿದ್ರು. ಅವರ ಹೆಸರು ಹೇಳಲ್ಲ, ತಮಾಷೆಯನ್ನೂ ಮಾಡಲ್ಲ. ಸರ್ಕಾರದ್ದೇ ಕ್ವಿಟ್‌ಲೈನ್ ಇದೆ, ಫೋನ್ ಮಾಡೋಕೆ ದುಡ್ಡಿಲ್ಲ: 1800-11-2356. ಹಾಸ್ಟೆಲ್‌ನಲ್ಲಿ ಮಾತಾಡೋಕೆ ಮುಜುಗರ ಆದ್ರೆ ನನ್ನ ರೂಮಿಗೆ ಬಂದು ಮಾಡಿ. ನಾನು ಹೊರಗೆ ಹೋಗಿರ್ತೀನಿ.

#ಹೊಗೆಸೊಪ್ಪು #ಪಿರಿಯಾಪಟ್ಟಣ #ಬ್ಯಾರನ್